ಸಿಂಗಲ್ ಲಿವರ್ ನಲ್ಲಿ ಸೋರುತ್ತಿದೆ: ಇಡೀ ನಲ್ಲಿಯನ್ನೇ ಬದಲಿಸಬೇಕಾ?

ಪ್ರಶ್ನೆ: ಸರ್, ನಮಸ್ಕಾರ. ನಾವು ಮುಂಬಯಿಯ ಮುಲುಂಡ್ ಪೂರ್ವದಲ್ಲಿ 7 ಮಹಡಿಯ ಹೌಸಿಂಗ್ ಸೊಸೈಟಿಯೊಂದರ 4ನೇ ಮಹಡಿಯಲ್ಲಿದ್ದೇವೆ. 6 ವರ್ಷದ ಹಿಂದೆ ಅಡುಗೆಮನೆ ಸಿಂಕಿಗೆ ಸಿಂಗಲ್ ಲಿವರ್ ನಲ್ಲಿ ಹಾಕಿಸಿದ್ದೆವು. ಬಿಸಿನೀರು, ತಣ್ಣೀರು ಎರಡೂ ಒಂದೇ ಹಿಡಿಯಲ್ಲಿ ಬರುತ್ತದೆ. ಹೋದ ತಿಂಗಳು ಸೊಸೈಟಿಯ ಟ್ಯಾಂಕ್ ತೊಳೆದರು. ಅದಾದ ಮೇಲೆ ನಲ್ಲಿ ತೊಟ್ಟಿಕ್ಕಲು ಶುರುವಾಯಿತು. ರಾತ್ರಿ 10ಕ್ಕೆ 2 ಲೀಟರಿನ ಪಾತ್ರೆ ಇಟ್ಟರೆ ಬೆಳಿಗ್ಗೆ 6ಕ್ಕೆ ತುಂಬಿರುತ್ತದೆ. ಈಗ ಹಿಡಿಯ ಬುಡದಲ್ಲೂ ನೀರು ಜಿನುಗುತ್ತಿದೆ. ಪ್ಲಂಬರ್ ಬಂದು ನೋಡಿ, ‘ಇದು ಹೋಯ್ತು, ಹೊಸದು ಹಾಕಿ, ಕೂಲಿ ಸೇರಿ 5,500 ಆಗುತ್ತೆ’ ಅಂದರು. ನಮ್ಮ ಮನೆಯವರು ಹಿಡಿಯನ್ನು ಗಟ್ಟಿಯಾಗಿ ಒತ್ತಿ ಮುಚ್ಚುತ್ತಾರೆ. ಪಕ್ಕದ ಮನೆಯವರು ಟೆಫ್ಲಾನ್ ಟೇಪ್ ಸುತ್ತಿ ಅಂತಾರೆ. ಮೊಬೈಲಿನಲ್ಲಿ ವಿಡಿಯೊ ನೋಡಿದರೆ ಅದರಲ್ಲಿ ಗುಂಡು, ಸ್ಪ್ರಿಂಗ್ ಏನೇನೋ ಬರುತ್ತೆ. ನಾನೇ ಬಿಚ್ಚಿ ರಿಪೇರಿ ಮಾಡಬಹುದಾ? ಸಿಂಕ್ ಕೆಳಗೆ ನೀರು ನಿಲ್ಲಿಸುವ ಎರಡು ಆಂಗಲ್ ಕಾಕ್‌ಗಳಲ್ಲಿ ತಣ್ಣೀರಿನದು ತಿರುಗುತ್ತದೆ. ಬಿಸಿನೀರಿನದು ಜಪ್ಪಯ್ಯ ಅಂದರೂ ತಿರುಗುತ್ತಿಲ್ಲ. ನೀರು ಚಿಮ್ಮಿ ಕೆಳಗಿನ ಮನೆಗೆ ಇಳಿದರೆ ಅಂತ ಭಯ. ದಯವಿಟ್ಟು ತಿಳಿಸಿ.

ಮುಲುಂಡಿನ ಓದುಗರೊಬ್ಬರು

ಉತ್ತರ: ನಮಸ್ಕಾರ ಅಕ್ಕಾ. ನೀವು ನಲ್ಲಿಯ ಬಗ್ಗೆ ಕೇಳಿದ್ದೀರಿ. ನನಗೆ ಅದಕ್ಕಿಂತ ಜಾಸ್ತಿ ಚಿಂತೆಯಾಗಿದ್ದು ಆ ತಿರುಗದ ಆಂಗಲ್ ಕಾಕ್ ಬಗ್ಗೆ. ನಲ್ಲಿ ಬಹುತೇಕ ಉಳಿಯುತ್ತದೆ. ಒಳಗಿನ ಒಂದು ಬಿಡಿಭಾಗ ಬದಲಿಸಿದರೆ ಸಾಕಾಗುವ ಲಕ್ಷಣಗಳೇ ನಿಮ್ಮ ಪತ್ರದಲ್ಲಿ ಕಾಣುತ್ತಿವೆ. ಆ ಕೆಲಸವನ್ನು ನೀವೇ ಮಾಡಬಹುದು. ಆದರೆ ಎರಡೂ ಕಡೆಯ ನೀರು ಪೂರ್ತಿ ನಿಂತಿದೆ ಅಂತ ಖಾತ್ರಿಯಾದ ಮೇಲೆ ಮಾತ್ರ. ಕೆಳಗಿನ ಮನೆಗೆ ನೀರು ಇಳಿಯುವ ನಿಮ್ಮ ಭಯ ಸುಳ್ಳಲ್ಲ. ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ.

ಮೊದಲು ಎಷ್ಟು ನೀರು ಹೋಗುತ್ತಿದೆ ನೋಡಿ. 8 ಗಂಟೆಗೆ 2 ಲೀಟರ್ ಅಂದರೆ ದಿನಕ್ಕೆ 6 ಲೀಟರ್, ತಿಂಗಳಿಗೆ 180 ಲೀಟರ್. ನೀವು ಪಾತ್ರೆ ಇಟ್ಟು ಹಿಡಿಯುತ್ತಿರುವುದು ಒಳ್ಳೆಯದೇ, ಆದರೆ ಹಗಲಿನ ನೀರು ಚರಂಡಿಗೇ ಹೋಗುತ್ತಿದೆ ಅಲ್ವಾ. ಅದಕ್ಕಿಂತ ಮುಖ್ಯ, ಹಿಡಿಯ ಬುಡದಲ್ಲಿ ಜಿನುಗುವ ನೀರು. ಅದು ನಲ್ಲಿಯ ಮೈಮೇಲೆ ಇಳಿದು ಗ್ರಾನೈಟ್ ಕೆಳಗೆ, ಕಪಾಟಿನ ಪ್ಲೈವುಡ್ ಒಳಗೆ ಸೇರುತ್ತದೆ. ಪ್ಲೈವುಡ್ ಒಮ್ಮೆ ಉಬ್ಬಿದರೆ ಮತ್ತೆ ಸರಿಹೋಗಲ್ಲ. ಹಾಗಾಗಿ ಮೂತಿಯಲ್ಲಿ ಬೀಳುವ ಹನಿಗೆ ಎರಡು ವಾರ ಕಾಯಬಹುದು, ಬುಡದಲ್ಲಿ ಜಿನುಗುವುದಕ್ಕೆ ಕಾಯಬೇಡಿ. ಈಗಲೇ ಒಂದು ಒಣ ಬಟ್ಟೆಯನ್ನು ನಲ್ಲಿಯ ಬುಡಕ್ಕೆ ಸುತ್ತಿಡಿ, ಒದ್ದೆಯಾದ ಹಾಗೆ ಬದಲಿಸುತ್ತಿರಿ.

ಹಿಡಿಯನ್ನು ಒತ್ತಿ ಮುಚ್ಚುವುದನ್ನು ಇವತ್ತಿನಿಂದಲೇ ನಿಲ್ಲಿಸಲು ಮನೆಯವರಿಗೆ ಹೇಳಿ. ಹಳೆಯ ತಿರುಗಿಸುವ ನಲ್ಲಿಯಲ್ಲಿ ಒಂದು ರಬ್ಬರ್ ವಾಶರ್ ಇರುತ್ತಿತ್ತು. ಬಿಗಿ ಮಾಡಿದಷ್ಟೂ ವಾಶರ್ ಒತ್ತಿಕೊಂಡು ನೀರು ನಿಲ್ಲುತ್ತಿತ್ತು. ಆ ಅಭ್ಯಾಸ ನಮ್ಮೆಲ್ಲರ ಕೈಯಲ್ಲಿ ಹಾಗೇ ಉಳಿದಿದೆ. ಸಿಂಗಲ್ ಲಿವರ್ ಒಳಗೆ ಅಂಥ ವಾಶರ್ ಇಲ್ಲ. ಅಲ್ಲಿರುವುದು ಕಾರ್ಟ್ರಿಜ್ ಅನ್ನುವ ಪ್ಲಾಸ್ಟಿಕ್ ಡಬ್ಬಿ. ಅದರೊಳಗೆ ಸೆರಾಮಿಕ್‌ನ ಎರಡು ಬಿಲ್ಲೆಗಳಿವೆ. ನಮ್ಮ ಬೀಸುಕಲ್ಲಿನ ಹಾಗೆ ಕೆಳಗಿನದು ಕದಲುವುದಿಲ್ಲ, ಮೇಲಿನದು ಅದರ ಮೇಲೆ ಜಾರುತ್ತದೆ. ಕೆಳಗಿನ ಬಿಲ್ಲೆಯಲ್ಲಿ ಮೂರು ತೂತು: ಒಂದು ಬಿಸಿನೀರಿಗೆ, ಒಂದು ತಣ್ಣೀರಿಗೆ, ಇನ್ನೊಂದು ಬೆರೆತ ನೀರು ಮೂತಿಗೆ ಹೋಗಲು. ಹಿಡಿ ಎತ್ತಿದರೆ ಮೇಲಿನ ಬಿಲ್ಲೆ ಸರಿದು ತೂತುಗಳ ನಡುವೆ ದಾರಿ ಬಿಡುತ್ತದೆ. ಇಳಿಸಿದರೆ ಅವುಗಳನ್ನು ಮುಚ್ಚುತ್ತದೆ. ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಿಸಿ, ತಣ್ಣಗಿನ ಪಾಲು ಹೆಚ್ಚು ಕಡಿಮೆಯಾಗುತ್ತದೆ. ಎರಡು ಬಿಲ್ಲೆಗಳೂ ಕನ್ನಡಿಯಷ್ಟು ನುಣ್ಣಗೆ, ಸಮತಟ್ಟಾಗಿರುವುದರಿಂದಲೇ ನೀರು ನಿಲ್ಲುತ್ತದೆ, ಕೈಯ ಬಲದಿಂದಲ್ಲ. ಹಿಡಿ ಪೂರ್ತಿ ಕೆಳಗೆ ಬಂದ ಮೇಲೂ ಒತ್ತಿದರೆ ಆ ಬಲವೆಲ್ಲ ಒಳಗಿನ ಸಣ್ಣ ಕಡ್ಡಿಗೆ, ಪ್ಲಾಸ್ಟಿಕ್ ಗೂಡಿಗೆ ಹೋಗುತ್ತದೆ. ಸೋರಿಕೆ ನಿಲ್ಲಲ್ಲ, ಕಾರ್ಟ್ರಿಜ್ ಬಿರುಕು ಬಿಡುತ್ತದೆ.

ಟೆಫ್ಲಾನ್ ಟೇಪ್ ಇಲ್ಲಿ ಕೆಲಸಕ್ಕೆ ಬರಲ್ಲ. ಅದು ಪೈಪಿನ ಮರೆಗಳಿಗೆ, ಅಂದರೆ ತಿರುಪಿನ ಸುತ್ತುಗಳಿಗೆ, ಸುತ್ತುವ ವಸ್ತು. ನಿಮ್ಮ ನಲ್ಲಿ ಸೋರುತ್ತಿರುವುದು ಮರೆಯಲ್ಲಿ ಅಲ್ಲ. ಎಂ-ಸೀಲ್ ಹಚ್ಚಿ ಅಂತ ಯಾರಾದರೂ ಹೇಳಿದರೆ ಅದನ್ನಂತೂ ಮಾಡಲೇಬೇಡಿ. ಹಿಡಿಯ ಬುಡಕ್ಕೆ ಎಂ-ಸೀಲ್ ಮೆತ್ತಿದ ನಲ್ಲಿಯನ್ನು ಆಮೇಲೆ ಯಾರೂ ಸರಿಯಾಗಿ ಬಿಚ್ಚಲಾರರು. ಆಗ ಪ್ಲಂಬರ್ ಹೇಳಿದ 5,500 ರೂಪಾಯಿ ಖರ್ಚು ನಿಜವಾಗಿಯೂ ತಲೆ ಮೇಲೆ ಬರುತ್ತದೆ.

ನೀವು ನೋಡಿದ ವಿಡಿಯೊ ಸುಳ್ಳೇನಲ್ಲ, ಅದು ಬೇರೆ ಜಾತಿಯ ನಲ್ಲಿಯದು. 1950ರ ದಶಕದಲ್ಲಿ ಅಮೆರಿಕದಲ್ಲಿ ಒಂದೇ ಹಿಡಿಯ ಇನ್ನೊಂದು ಬಗೆ ಬಂತು. ಅದರೊಳಗೆ ತೂತಿರುವ ಲೋಹದ ಗುಂಡು, ಅದರ ಕೆಳಗೆ ರಬ್ಬರ್ ಬಟ್ಟಲು, ಸ್ಪ್ರಿಂಗ್ ಇರುತ್ತವೆ. ಅಲ್ಲಿನ ಮನೆಗಳಲ್ಲಿ ಅದು ಇಂದಿಗೂ ಇದೆ, ವಿಡಿಯೊಗಳೂ ಜಾಸ್ತಿ ಅಲ್ಲಿನವೇ. ನಮ್ಮಲ್ಲಿ ಮಾರಾಟವಾಗುವ ಸಿಂಗಲ್ ಲಿವರ್‌ಗಳು ಬಹುತೇಕ ಎಲ್ಲವೂ ಸೆರಾಮಿಕ್ ಕಾರ್ಟ್ರಿಜ್‌ನವು. ಬಿಚ್ಚಿದಾಗ ಗುಂಡು ಸಿಗಲಿಲ್ಲ ಅಂತ ಗಾಬರಿಯಾಗಬೇಡಿ.

ಈಗ ಕಾರಣಕ್ಕೆ ಬರೋಣ. ‘ಮುಂಬಯಿಯ ಉಪ್ಪು ನೀರಿಗೆ ನಲ್ಲಿ ಬಾಳಿಕೆ ಬರಲ್ಲ’ ಅನ್ನುವ ಮಾತು ಎಲ್ಲ ಕಡೆ ಕೇಳುತ್ತೇನೆ. ಪಾಲಿಕೆಯ ನೀರಿನ ಮಟ್ಟಿಗೆ ಅದು ಸರಿಯಲ್ಲ. ಈ ನೀರು ಬರುವುದು ಭಾತ್ಸಾ, ತಾನ್ಸಾ, ಮೋಡಕ್ ಸಾಗರ್, ವೈತರಣಾದಂಥ ಮಳೆನೀರಿನ ಕೆರೆಗಳಿಂದ. ನಿಮ್ಮ ಪಕ್ಕದ ಭಾಂಡುಪ್‌ನಲ್ಲೇ ಅದು ಶುದ್ಧವಾಗುತ್ತದೆ. ಕೊಳವೆಬಾವಿಯ ನೀರಿನಷ್ಟು ಗಡಸು ಇದರಲ್ಲಿ ಇರಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬೆರೆಸುವ ಸೊಸೈಟಿಯಾದರೆ ಮಾತು ಬೇರೆ. ಆಗ ನಲ್ಲಿಯ ಮೂತಿಯಲ್ಲಿ ಸುಣ್ಣದ ಬಿಳಿ ಹೊಪ್ಪಳೆ ಕಟ್ಟಿರುತ್ತದೆ, ನೋಡಿದರೆ ಗೊತ್ತಾಗುತ್ತದೆ.

ನಿಮ್ಮ ವಿಷಯದಲ್ಲಿ ಕಾರಣ ನಿಮ್ಮ ಪತ್ರದಲ್ಲೇ ಇದೆ: ಟ್ಯಾಂಕ್ ತೊಳೆದ ಮೇಲೆ ಶುರುವಾಯಿತು. ಟ್ಯಾಂಕ್ ತೊಳೆಯುವಾಗ ತಳದ ಕೆಸರು, ಮರಳು ಕದಡುತ್ತದೆ. ಪೈಪುಗಳು ಖಾಲಿಯಾಗಿ ಮತ್ತೆ ತುಂಬುವಾಗ ಗಾಳಿ, ನೀರು ಒಟ್ಟಿಗೆ ನುಗ್ಗಿ ಒಳಗೆ ಅಂಟಿದ ತುಕ್ಕಿನ ಚೂರುಗಳನ್ನು ಎಬ್ಬಿಸುತ್ತವೆ. ಕಟ್ಟಡ ಹಳೆಯದಾಗಿ, ಪೈಪುಗಳು ಜಿಐ (ಸತು ಲೇಪಿಸಿದ ಕಬ್ಬಿಣ) ಆಗಿದ್ದರೆ ಇದು ಇನ್ನೂ ಜಾಸ್ತಿ. ನೀರು ಕಡಿತವಾಗಿ ಮತ್ತೆ ಬಂದಾಗಲೂ ಇದೇ ಕಥೆ. ಆ ಕಸ ನೇರ ಹೋಗಿ ಕೂರುವುದು ಬಿಲ್ಲೆಗಳ ನಡುವೆ, ಇಲ್ಲವೇ ಕಾರ್ಟ್ರಿಜ್ ಬುಡದ ರಬ್ಬರ್ ಉಂಗುರಗಳ ಕೆಳಗೆ. ಮರಳಿಗಿಂತ ಸೆರಾಮಿಕ್ ಗಟ್ಟಿ, ಬಿಲ್ಲೆ ಒಂದೇ ದಿನದಲ್ಲಿ ಸವೆಯುವುದಿಲ್ಲ. ಆದರೆ ಎರಡು ಬಿಲ್ಲೆಗಳ ನಡುವೆ ಕೂದಲೆಳೆಯಷ್ಟು ಸಂದಾದರೂ ಸಾಕು, ನೀರು ದಾರಿ ಮಾಡಿಕೊಳ್ಳುತ್ತದೆ. ಜೊತೆಗೆ 6 ವರ್ಷದ ರಬ್ಬರ್. ಬಿಸಿನೀರು ಮತ್ತು ನೀರಿನ ಕ್ಲೋರಿನ್ ಎರಡೂ ಸೇರಿ ರಬ್ಬರನ್ನು ನಿಧಾನಕ್ಕೆ ಗಡುಸು ಮಾಡುತ್ತವೆ. ಹಿಡಿಯ ಬುಡದಲ್ಲಿ ಜಿನುಗುವುದಕ್ಕೆ ಸಾಮಾನ್ಯವಾಗಿ ಅದೇ ಕಾರಣ. ಇಲ್ಲವಾದರೆ ಕಾರ್ಟ್ರಿಜ್ ಹಿಡಿದಿರುವ ನಟ್ ಸಡಿಲವಾಗಿರುತ್ತದೆ.

ಪ್ರೆಶರ್ ಜಾಸ್ತಿ ಇರಬಹುದಾ ಅಂತ ನಿಮಗೆ ಅನಿಸಬಹುದು. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ನಿಮ್ಮದು 7 ಮಹಡಿಯಲ್ಲಿ 4ನೆಯದು, ಟೆರೇಸ್ ಟ್ಯಾಂಕ್‌ನಿಂದ ಲೆಕ್ಕ ಹಾಕಿದರೆ ಒಂದೂಕಾಲು ಬಾರ್ ಆಸುಪಾಸು. ನಲ್ಲಿಗೆ ಇದು ಏನೂ ಅಲ್ಲ. 20-25 ಮಹಡಿಯ ಟವರ್‌ಗಳ ಕೆಳಗಿನ ಮನೆಗಳಲ್ಲಿ ಮಾತ್ರ ಇದನ್ನು ಯೋಚಿಸಬೇಕು.

ಬಿಚ್ಚುವ ಮೊದಲು ಅರ್ಧ ದಿನ ಪರೀಕ್ಷೆಗೆ ಕೊಡಿ. ಇದನ್ನು ಬಿಟ್ಟು ನೇರ ಸ್ಪ್ಯಾನರ್ ಹಿಡಿಯುವವರೇ ಜಾಸ್ತಿ. ನಲ್ಲಿಯನ್ನು ಪೂರ್ತಿ ಒರೆಸಿ ಒಣಗಿಸಿ. ಹಿಡಿಯ ಬುಡಕ್ಕೆ, ಮೂತಿ ತಿರುಗುವ ಜಾಗಕ್ಕೆ, ಸಿಂಕ್ ಕೆಳಗೆ ಕನೆಕ್ಷನ್ ಪೈಪ್ ಸೇರುವ ಕಡೆ ಒಂದೊಂದು ಟಿಶ್ಯೂ ತುಂಡು ಸುತ್ತಿ. ಯಾವುದು ಮೊದಲು ಒದ್ದೆಯಾಗುತ್ತದೆ ನೋಡಿ. ಮೂತಿ ತಿರುಗುವ ಕತ್ತಿನಲ್ಲಿ ಮಾತ್ರ ಒದ್ದೆಯಾದರೆ ಅದು ಕಾರ್ಟ್ರಿಜ್ ತೊಂದರೆಯೇ ಅಲ್ಲ, ಅಲ್ಲಿ ಎರಡು ಓ-ರಿಂಗ್ (ರಬ್ಬರ್ ಉಂಗುರ) ಇರುತ್ತವೆ, ಅವನ್ನು ಬದಲಿಸಿದರೆ ಮುಗಿಯಿತು. ಇನ್ನೊಂದು ಮಾತು. ನಲ್ಲಿ ಮುಚ್ಚಿದ ಮೇಲೆ ಸ್ವಲ್ಪ ಹೊತ್ತು ನಾಲ್ಕಾರು ಹನಿ ಬಿದ್ದು ನಿಂತರೆ ಅದು ಸೋರಿಕೆ ಅಲ್ಲ, ಮೂತಿಯಲ್ಲಿ ಉಳಿದ ನೀರು. ನಿಮ್ಮದು ರಾತ್ರಿಯಿಡೀ ಬೀಳುತ್ತಿದೆ, ಹಾಗಾಗಿ ಆ ಅನುಮಾನ ಇಲ್ಲ.

ಆಮೇಲೆ ತಣ್ಣೀರಿನ ಆಂಗಲ್ ಕಾಕ್ ಮುಚ್ಚಿ. ಹತ್ತು ನಿಮಿಷ ಬಿಟ್ಟು ನೋಡಿ. ಹನಿ ನಿಂತರೆ ಸೋರುತ್ತಿರುವುದು ತಣ್ಣೀರಿನ ಕಡೆ. ನಿಲ್ಲದಿದ್ದರೆ ಬಿಸಿನೀರಿನ ಕಡೆಯಿಂದಲೂ ಬರುತ್ತಿದೆ. ಗೀಸರ್ ಹಾಕಿದಾಗ ಮಾತ್ರ ಹನಿ ಜೋರಾಗುತ್ತದಾ ಅಂತಲೂ ಗಮನಿಸಿ. ನೀರು ಕಾದಾಗ ಹಿಗ್ಗುತ್ತದೆ. ಹಿಗ್ಗಿದ ನೀರು ಎಲ್ಲಿ ದುರ್ಬಲವಾಗಿದೆಯೋ ಅಲ್ಲಿಂದ ಹೊರಬರುತ್ತದೆ. ಹಾಗೇನಾದರೂ ಆದರೆ ನಲ್ಲಿಯ ಜೊತೆಗೆ ಗೀಸರ್‌ನ ಸೇಫ್ಟಿ ವಾಲ್ವ್ ಕೂಡ ತೋರಿಸಿ.

ಮನೆಯಲ್ಲಿ ಹಳೆಯ ಬಿಲ್ ಇದೆಯಾ ಹುಡುಕಿ. ಒಳ್ಳೆಯ ಕಂಪನಿಗಳು ನಲ್ಲಿಗೆ ಹಲವು ವರ್ಷದ ವಾರಂಟಿ ಕೊಡುತ್ತವೆ. 6 ವರ್ಷದ ನಲ್ಲಿ ಅದರೊಳಗೇ ಇರಲೂಬಹುದು. ಬಿಲ್ ಸಿಕ್ಕರೆ ಬಿಚ್ಚುವ ಮೊದಲೇ ಕಂಪನಿಯ ಸರ್ವಿಸ್‌ಗೆ ಫೋನ್ ಮಾಡಿ. ಬಿಚ್ಚಿದ ಮೇಲೆ ವಾರಂಟಿ ಕೊಡಲ್ಲ ಅನ್ನಬಹುದು. ಬಿಲ್ ಇಲ್ಲದಿದ್ದರೂ ನಲ್ಲಿಯ ಮೇಲಿನ ಹೆಸರು ನೋಡಿ ಕೇಳಿ, ಮಾಡೆಲ್ ಗುರುತಿಸಿ ಸರಿಯಾದ ಕಾರ್ಟ್ರಿಜ್ ಯಾವುದು ಅಂತ ಹೇಳುತ್ತಾರೆ. ಅಷ್ಟಾದರೂ ಲಾಭ.

ಪ್ಲಂಬರ್ ನಿಮಗೆ ಮೋಸ ಮಾಡಿದರು ಅಂತ ನಾನು ಹೇಳಲ್ಲ. ಹಳೆಯ ನಲ್ಲಿ ಬಿಚ್ಚುವಾಗ ಏನಾದರೂ ಮುರಿದರೆ ಹೊಣೆ ಅವರ ಮೇಲೆ ಬರುತ್ತದೆ. ಸರಿಯಾದ ಕಾರ್ಟ್ರಿಜ್ ಹುಡುಕಲು ಎರಡು ಅಂಗಡಿ ಅಲೆಯಬೇಕು, ಅದಕ್ಕೆ ಕೂಲಿ ಯಾರೂ ಕೊಡಲ್ಲ. ಹೊಸದು ಹಾಕುವುದು ಅವರಿಗೆ ಸುಲಭ, ಖಾತ್ರಿ ಕೂಡ. ಆದರೆ ಖರ್ಚು ನಿಮ್ಮದು. ಆದ್ದರಿಂದ ಕಾರ್ಟ್ರಿಜ್ ಬದಲಿಸಿ ನೋಡದೆ ನಲ್ಲಿ ಎಸೆಯಬೇಡಿ.

ಈಗ ಆ ಆಂಗಲ್ ಕಾಕ್. ಅದನ್ನು ಪೈಪ್ ರೆಂಚ್ ಹಾಕಿ ತಿರುಗಿಸಲು ಹೋಗಬೇಡಿ, ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಕಾಕ್ ತಿರುಗುವ ಬದಲು ಅದು ಸೇರಿರುವ ಗೋಡೆಯೊಳಗಿನ ಎಲ್ಬೋ (ಪೈಪಿನ ತಿರುವಿನ ಜೋಡಣೆ) ತಿರುಗಿ ಬಿರುಕು ಬಿಡುತ್ತದೆ. ಆ ಬಿರುಕು ಟೈಲ್ಸ್ ಹಿಂದೆ ಇರುವುದರಿಂದ ಕಣ್ಣಿಗೆ ಕಾಣಲ್ಲ. ಕೆಳಗಿನ ಮನೆಯ ಚಾವಣಿಯಲ್ಲಿ ಒದ್ದೆ ಕಲೆ ಬಂದಾಗಲೇ ಗೊತ್ತಾಗುವುದು. ಅಷ್ಟರಲ್ಲಿ ಸೊಸೈಟಿ ಮೀಟಿಂಗ್‌ವರೆಗೆ ಜಗಳ ಹೋಗಿರುತ್ತದೆ. ಕೈಯಿಂದ ಆಚೆ ಈಚೆ ಮೆಲ್ಲಗೆ ಆಡಿಸಿ ನೋಡಿ, ಬಂದರೆ ಬಂತು. ಬರದಿದ್ದರೆ ಬಿಟ್ಟುಬಿಡಿ.

ಬಿಟ್ಟರೂ ಕೆಲಸ ನಡೆಯುತ್ತದೆ, ಯಾಕೆಂದರೆ ಬಿಸಿನೀರು ಬರುವುದು ಗೀಸರ್ ಮೂಲಕ. ಗೀಸರ್‌ಗೆ ತಣ್ಣೀರು ಹೋಗುವ ಪೈಪಿನಲ್ಲಿ ಇನ್ನೊಂದು ಆಂಗಲ್ ಕಾಕ್ ಇರುತ್ತದೆ. ಅದನ್ನು ಮುಚ್ಚಿದರೆ ಹಿಂದಿನಿಂದ ನೀರು ತಳ್ಳುವುದು ನಿಲ್ಲುತ್ತದೆ, ಬಿಸಿನೀರೂ ನಿಲ್ಲುತ್ತದೆ. ಮೊದಲು ಗೀಸರ್ ಸ್ವಿಚ್ ಆಫ್ ಮಾಡಿ. ಸುಮ್ನೆ ಗುಂಡಿ ಒತ್ತಿ ಬಿಡಬೇಡಿ, ಬೋರ್ಡಿನಲ್ಲೇ ಆಫ್ ಇರಲಿ, ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ನೀರು ಆರುವವರೆಗೆ ಬಿಡಿ. ಆಮೇಲೆ ಗೀಸರ್‌ಗೆ ಹೋಗುವ ಕಾಕ್, ಸಿಂಕ್ ಕೆಳಗಿನ ತಣ್ಣೀರಿನ ಕಾಕ್ ಎರಡನ್ನೂ ಮುಚ್ಚಿ. ಸಿಂಕಿನ ಹಿಡಿಯನ್ನು ಎತ್ತಿ ನಡುವಿನಲ್ಲಿಡಿ. ಪೈಪಿನಲ್ಲಿ ಉಳಿದ ನೀರು ಸುರಿದು ನಿಲ್ಲಲಿ. ಹಿಡಿಯನ್ನು ಬಿಸಿಯ ಕಡೆಗೂ ತಣ್ಣಗಿನ ಕಡೆಗೂ ತಿರುಗಿಸಿ ನೋಡಿ. ಐದು ನಿಮಿಷ ಕಾದರೂ ಧಾರೆ ಇರಲಿ, ಒಂದು ಹನಿಯೂ ಬರುತ್ತಿಲ್ಲ ಅಂದರೆ ಮಾತ್ರ ಮುಂದಿನ ಹೆಜ್ಜೆ. ಹನಿ ಬರುತ್ತಲೇ ಇದ್ದರೆ ಯಾವುದೋ ಕಾಕ್ ಪೂರ್ತಿ ಮುಚ್ಚುತ್ತಿಲ್ಲ, ಅಥವಾ ಬಚ್ಚಲಮನೆಯ ಇನ್ನೊಂದು ಮಿಕ್ಸರ್ ನಲ್ಲಿಯ (ಬಿಸಿ, ತಣ್ಣೀರು ಬೆರೆಸುವ ನಲ್ಲಿಯ) ಮೂಲಕ ತಣ್ಣೀರು ಬಿಸಿನೀರಿನ ಪೈಪಿಗೆ ಬೆರೆಯುತ್ತಿದೆ ಅಂತ ಅರ್ಥ.

ಆಗ ಟೆರೇಸ್‌ನಲ್ಲಿ ಅಡುಗೆಮನೆಯ, ಬೇಕಾದರೆ ಬಚ್ಚಲಿನ ಲೈನಿನ ವಾಲ್ವ್ ಕೂಡ ಮುಚ್ಚಿಸಬೇಕು. ಇಲ್ಲಿನ ಸೊಸೈಟಿಗಳಲ್ಲಿ ಸಾಮಾನ್ಯವಾಗಿ ಅಡುಗೆಮನೆಗೆ ಒಂದು, ಬಚ್ಚಲಿಗೆ ಒಂದು, ಫ್ಲಶ್‌ಗೆ ಒಂದು ಅಂತ ಟ್ಯಾಂಕ್‌ನಿಂದ ಬೇರೆ ಬೇರೆ ಲೈನ್ ಇಳಿದಿರುತ್ತದೆ. ಅಡುಗೆಮನೆ ಲೈನ್ ಮುಚ್ಚಿದರೆ ನಿಮ್ಮ ಮನೆಯೊಂದೇ ಅಲ್ಲ, ಮೇಲಿಂದ ಕೆಳಗಿನವರೆಗೆ ಆ ಸಾಲಿನ ಎಲ್ಲ ಅಡುಗೆಮನೆಗಳಿಗೂ ನೀರಿಲ್ಲ. ಹಿಂದಿನ ದಿನವೇ ಸೆಕ್ರೆಟರಿಗೆ, ಆ ಸಾಲಿನ ಮನೆಗಳಿಗೆ ತಿಳಿಸಿ. ಬೆಳಗಿನ ಗಡಿಬಿಡಿ ಮುಗಿದ 11 ಗಂಟೆ ಹೊತ್ತು ಒಳ್ಳೆಯದು. ಆ ದಿನ ಪ್ಲಂಬರ್‌ನನ್ನೂ ಕರೆಸಿ, ಸೋರುವ, ಹಿಡಿದುಕೊಂಡ ಆಂಗಲ್ ಕಾಕ್‌ಗಳನ್ನೂ ಬದಲಿಸಿಕೊಳ್ಳಿ.

ನೀರು ನಿಂತಿತು ಅಂದುಕೊಳ್ಳಿ. ಸಿಂಕಿನ ತೂತಿಗೆ ಬಟ್ಟೆ ತುರುಕಿ. ಈ ನಲ್ಲಿಯ ಸ್ಕ್ರೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ತೂತಿಗೆ ಬಿದ್ದರೆ ಸಿಗಲ್ಲ. ಬೇಕಾಗುವ ಸಾಮಾನು ಅಲೆನ್ ಕೀ (ಆರು ಮೂಲೆಯ ಎಲ್ ಆಕಾರದ ಕೀ) ಸೆಟ್, ಒಂದು ಅಡ್ಜಸ್ಟೆಬಲ್ ಸ್ಪ್ಯಾನರ್, ಹಳೆಯ ಹಲ್ಲುಜ್ಜುವ ಬ್ರಷ್, ಸ್ವಲ್ಪ ಸಿಲಿಕೋನ್ ಗ್ರೀಸ್. ಪ್ರತಿ ಹೆಜ್ಜೆಗೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ.

ಹಿಡಿಯ ಮುಂಭಾಗದಲ್ಲೋ ಹಿಂಭಾಗದಲ್ಲೋ ಕೆಂಪು-ನೀಲಿ ಬಣ್ಣದ ಪುಟ್ಟ ಬಿರಡೆ ಇರುತ್ತದೆ. ಅದನ್ನು ಪಿನ್ನಿನಿಂದ ಮೆಲ್ಲಗೆ ಎಬ್ಬಿಸಿ. ಒಳಗೆ ಅಲೆನ್ ಸ್ಕ್ರೂ. ಜಾಸ್ತಿ ನಲ್ಲಿಗಳಲ್ಲಿ 2.5 ಮಿ.ಮೀ. ಕೀ ಹಿಡಿಯುತ್ತದೆ. ಇಲ್ಲಿ ಅವಸರ ಬೇಡ. ವರ್ಷಗಟ್ಟಲೆ ಸೋಪಿನ ನೀರು, ಎಣ್ಣೆ ಜಿಡ್ಡು ಹೋಗಿ ಆ ಸ್ಕ್ರೂ ತಲೆಯ ಗುಳಿ ಮುಚ್ಚಿರುತ್ತದೆ. ಕೀ ಪೂರ್ತಿ ಒಳಗೆ ಕೂರದೆ ತುದಿ ಮಾತ್ರ ಸಿಕ್ಕಿಕೊಳ್ಳುತ್ತದೆ. ಆಗ ತಿರುಗಿಸಿದರೆ ಮೂಲೆಗಳು ಸವೆದು ಸ್ಕ್ರೂ ಗುಂಡಗಾಗಿಬಿಡುತ್ತದೆ, ಆಮೇಲೆ ಡ್ರಿಲ್ ಹಾಕದೆ ಬರಲ್ಲ. ಟಾರ್ಚ್ ಬಿಟ್ಟು ನೋಡಿ, ಸೂಜಿಯಿಂದ ಕೊಳೆ ಕೆರೆದು ತೆಗೆಯಿರಿ. ಕೀ ತಳದವರೆಗೆ ಕೂತಿದೆ ಅನ್ನುವುದು ಕೈಗೆ ಗೊತ್ತಾಗುತ್ತದೆ. ಆಮೇಲೆ ತಿರುಗಿಸಿ. ಸ್ಕ್ರೂ ಪೂರ್ತಿ ತೆಗೆಯಬೇಕಿಲ್ಲ, ನಾಲ್ಕೈದು ಸುತ್ತು ಸಡಿಲ ಮಾಡಿದರೆ ಹಿಡಿ ಮೇಲಕ್ಕೆ ಬರುತ್ತದೆ. ಹಿಡಿದುಕೊಂಡಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹಾಕಿ ಅರ್ಧ ಗಂಟೆ ಬಿಡಿ. ಕೀ ಜಾರಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ, ಪ್ಲಂಬರ್‌ಗೆ ಬಿಡಿ.

ಹಿಡಿಯ ಕೆಳಗೆ ಗುಂಡಗಿನ ಕ್ರೋಮ್ ಮುಚ್ಚಳ. ರಬ್ಬರ್ ಕೈಗವಸು ಹಾಕಿ ಎಡಕ್ಕೆ ತಿರುಗಿಸಿದರೆ ಸಾಧಾರಣವಾಗಿ ಕೈಗೇ ಬಿಚ್ಚುತ್ತದೆ. ಸ್ಪ್ಯಾನರ್ ಹಾಕಲೇಬೇಕಾದರೆ ಬಟ್ಟೆ ಸುತ್ತಿ, ಇಲ್ಲದಿದ್ದರೆ ಕ್ರೋಮ್ ಗೀರಾಗುತ್ತದೆ. ಮುಚ್ಚಳದ ಕೆಳಗೆ ಹಿತ್ತಾಳೆಯ ದೊಡ್ಡ ನಟ್. ಇಲ್ಲಿ ಒಂದು ಪರೀಕ್ಷೆ ಮಾಡಿ. ನಟ್ ಸಡಿಲ ಇದೆ ಅನಿಸಿದರೆ ಬಲಕ್ಕೆ ಕಾಲು ಸುತ್ತಿಗಿಂತ ಕಡಿಮೆ ಬಿಗಿ ಮಾಡಿ. ಹಿಡಿಯನ್ನು ತಾತ್ಕಾಲಿಕವಾಗಿ ಕೂರಿಸಿ ನೀರು ಬಿಟ್ಟು ನೋಡಿ. ಎಷ್ಟೋ ಸಲ ಬುಡದ ಜಿನುಗು ಇಷ್ಟಕ್ಕೇ ನಿಲ್ಲುತ್ತದೆ, ಒಂದು ರೂಪಾಯಿ ಖರ್ಚಿಲ್ಲ. ನಿಲ್ಲದಿದ್ದರೆ ಮತ್ತೆ ನೀರು ಮುಚ್ಚಿ, ನಟ್ ಬಿಚ್ಚಿ, ಕಾರ್ಟ್ರಿಜ್ ನೇರ ಮೇಲಕ್ಕೆ ಎಳೆಯಿರಿ.

ಹೊರಬಂದ ಕಾರ್ಟ್ರಿಜ್ ಅನ್ನು ತಿರುಗಿಸಿ ತಳ ನೋಡಿ. ಮೂರು ತೂತು, ಅವುಗಳ ಸುತ್ತ ರಬ್ಬರ್ ಉಂಗುರ, ಅಂಚಿನಲ್ಲಿ ಎರಡು ಸಣ್ಣ ಮೊಳೆಗಳಂಥ ಗುಬುಟು. ಆ ಗುಬುಟುಗಳು ನಲ್ಲಿಯೊಳಗಿನ ಎರಡು ಗುಳಿಗಳಲ್ಲಿ ಕೂರುತ್ತವೆ, ಇದು ನೆನಪಿರಲಿ. ರಬ್ಬರ್ ಕೆಳಗೆ ಮರಳಿನ ಕಣ ಕಂಡರೆ, ರಬ್ಬರ್ ಚಪ್ಪಟೆಯಾಗಿ ಗಡುಸಾಗಿದ್ದರೆ ನಿಮ್ಮ ಉತ್ತರ ಅಲ್ಲೇ ಸಿಕ್ಕಿತು. ತೊಳೆದು, ಸಿಲಿಕೋನ್ ಗ್ರೀಸ್ ಸವರಿ ಮತ್ತೆ ಹಾಕಿದರೆ ಕೆಲವು ದಿನ ನಡೆಯಬಹುದು. ನನ್ನ ಅಭಿಪ್ರಾಯ ಕೇಳಿದರೆ, 6 ವರ್ಷ ದುಡಿದಿದೆ, ಬಿಚ್ಚಿದ್ದೂ ಆಯಿತು, ಹೊಸದೇ ಹಾಕಿ. ಕಾರ್ಟ್ರಿಜ್‌ನ ಡಬ್ಬಿಯನ್ನೇ ಬಿಡಿಸಿ ಬಿಲ್ಲೆ ಒರೆಸಲು ಹೋಗಬೇಡಿ. ಕಾರ್ಖಾನೆಯಲ್ಲಿ ಹಚ್ಚಿದ ಗ್ರೀಸ್ ಹೋಗುತ್ತದೆ, ಮತ್ತೆ ಜೋಡಿಸಿದ್ದು ಮೊದಲಿನ ಹಾಗೆ ಕೂರಲ್ಲ. ಅಡುಗೆ ಎಣ್ಣೆ, ವ್ಯಾಸಲೀನ್ ಹಚ್ಚಬೇಡಿ. ವ್ಯಾಸಲೀನ್ ಪೆಟ್ರೋಲಿಯಂನಿಂದ ಮಾಡಿದ್ದು, ಕೆಲವು ಬಗೆಯ ರಬ್ಬರ್ ಅದಕ್ಕೆ ಉಬ್ಬಿ ಕೆಡುತ್ತದೆ.

ಹಳೆಯ ಕಾರ್ಟ್ರಿಜ್ ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಎಲ್ಲ ಕಾರ್ಟ್ರಿಜ್ ಒಂದೇ ಅನ್ನುವುದು ತಪ್ಪು. ಸಾಮಾನ್ಯವಾಗಿ 35 ಮಿ.ಮೀ., 40 ಮಿ.ಮೀ. ಅಳತೆಯವು ಸಿಗುತ್ತವೆ, ತೆಳ್ಳಗಿನ ನಲ್ಲಿಗಳಲ್ಲಿ 25 ಕೂಡ ಉಂಟು. ಅಗಲ ಒಂದೇ ಇದ್ದರೂ ತಳ ಚಪ್ಪಟೆಯೋ ಕಾಲಿರುವುದೋ, ತೂತುಗಳು ಎಲ್ಲಿವೆ, ಹಿಡಿ ಕೂರುವ ಕಡ್ಡಿ ಎಷ್ಟು ಎತ್ತರ ಅಂತ ಪಕ್ಕಪಕ್ಕ ಇಟ್ಟು ನೋಡಿ. ಕೂದಲಷ್ಟು ವ್ಯತ್ಯಾಸ ಇದ್ದರೂ ಬೇಡ ಅನ್ನಿ. ಮುಲುಂಡಿನಲ್ಲೇ ಸ್ಯಾನಿಟರಿ ಅಂಗಡಿಗಳಿವೆ. ಅಲ್ಲಿ ಸಿಗದಿದ್ದರೆ ದಕ್ಷಿಣ ಮುಂಬಯಿಯ ಲೋಹಾರ್ ಚಾಳ್, ನಾಗದೇವಿ ಸ್ಟ್ರೀಟ್ ಮಾರುಕಟ್ಟೆಗಳ ಕಡೆ ಹೋದರೆ ಸಿಗುವ ಸಾಧ್ಯತೆ ಜಾಸ್ತಿ. ಕಂಪನಿಯದಕ್ಕೂ ಲೋಕಲ್‌ಗೂ ಬೆಲೆಯಲ್ಲಿ ಅಂತರ ಇದೆ, ಆದರೆ ಎರಡೂ ಹೊಸ ನಲ್ಲಿಯ ಬೆಲೆಯ ಹತ್ತಿರಕ್ಕೂ ಬರಲ್ಲ. ದಿನಕ್ಕೆ ನೂರು ಸಲ ಮುಟ್ಟುವ ಅಡುಗೆಮನೆ ನಲ್ಲಿಗೆ ನಾನು ಕಂಪನಿಯದನ್ನೇ ಹಾಕುತ್ತೇನೆ. ಅಂಗಡಿಗೆ ಹೋಗಿ ಬರುವವರೆಗೆ ಎರಡು ಕಾಕ್‌ಗಳೂ ಮುಚ್ಚಿರಲಿ, ಯಾರೂ ಮುಟ್ಟದಂತೆ ಒಂದು ಚೀಟಿ ಅಂಟಿಸಿ. ಅತ್ತೆ ಮಾವ, ಮಕ್ಕಳು ಇರುವ ಮನೆಯಾದರೆ ಇದು ಬೇಕೇ ಬೇಕು.

ಹೊಸದು ಕೂರಿಸುವ ಮೊದಲು ನಲ್ಲಿಯ ಒಳಗೆ ಕಾರ್ಟ್ರಿಜ್ ಕೂರುವ ಪೀಠವನ್ನು ಬ್ರಷ್‌ನಿಂದ ಉಜ್ಜಿ. ಸುಣ್ಣ ಕಟ್ಟಿದ್ದರೆ ವಿನೆಗರ್ ಅದ್ದಿದ ಬಟ್ಟೆ ಸ್ವಲ್ಪ ಹೊತ್ತು ಇಟ್ಟು ಒರೆಸಿ. ಚಾಕು, ಸ್ಕ್ರೂ ಡ್ರೈವರ್‌ನಿಂದ ಕೆರೆಯಬೇಡಿ, ಪೀಠದಲ್ಲಿ ಗೀರು ಬಿದ್ದರೆ ಯಾವ ಹೊಸ ಕಾರ್ಟ್ರಿಜ್ ಬಂದರೂ ಸೋರುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರವೂ ತರಬೇಡಿ, ಕ್ರೋಮ್ ಎದ್ದುಹೋಗುತ್ತದೆ. ಆಮೇಲೆ ಜಾಸ್ತಿ ಜನ ಬಿಡುವ ಕೆಲಸ ಒಂದಿದೆ. ತೆರೆದ ನಲ್ಲಿಯ ಮೇಲೆ ಒಂದು ಸ್ಟೀಲ್ ಲೋಟ ಕವುಚಿ ಗಟ್ಟಿಯಾಗಿ ಹಿಡಿಯಿರಿ. ಇನ್ನೊಬ್ಬರು ತಣ್ಣೀರಿನ ಕಾಕನ್ನು ಸ್ವಲ್ಪವೇ ಸ್ವಲ್ಪ ತೆರೆದು ಎರಡು ಸೆಕೆಂಡಿಗೆ ಮುಚ್ಚಲಿ. ಗೀಸರ್ ಕಡೆಯದನ್ನೂ ಹಾಗೇ ಮಾಡಿ, ನೀರು ಆರಿದೆಯಾ ಅಂತ ಮೊದಲೇ ಖಾತ್ರಿ ಮಾಡಿಕೊಂಡು. ಪೈಪಿನಲ್ಲಿ ಉಳಿದ ಮರಳು ಹೊರಬರುತ್ತದೆ. ಇದನ್ನು ಮಾಡದೆ ಹೊಸ ಕಾರ್ಟ್ರಿಜ್ ಹಾಕಿದರೆ ಅದೇ ಕಸ ಇದಕ್ಕೂ ಹೋಗಿ ಕೂರುತ್ತದೆ.

ಗುಬುಟುಗಳನ್ನು ಗುಳಿಗೆ ಸರಿಯಾಗಿ ಕೂರಿಸಿ. ಕಾರ್ಟ್ರಿಜ್ ಅಲುಗಾಡಬಾರದು. ನಟ್ ಮೊದಲು ಕೈಯಿಂದ, ಆಮೇಲೆ ಸ್ಪ್ಯಾನರ್‌ನಿಂದ ಹದವಾಗಿ ಬಿಗಿ ಮಾಡಿ. ಹಿಡಿ ಹಾಕಿ ಆಡಿಸಿ ನೋಡಿದಾಗ ಭಾರ ಅನಿಸಿದರೆ ಬಿಗಿ ಜಾಸ್ತಿಯಾಯಿತು. ಮೂತಿಯ ತುದಿಯ ಜಾಲರಿ ಬಿಚ್ಚಿಡಿ, ಹಿಡಿಯನ್ನು ಅರ್ಧ ಎತ್ತಿಟ್ಟು ಕಾಕ್‌ಗಳನ್ನು ನಿಧಾನಕ್ಕೆ ತೆರೆಯಿರಿ. ಗಾಳಿ ಕೆಮ್ಮಿ ಹೊರಬಂದ ಮೇಲೆ ಧಾರೆ ಸರಿಯಾಗುತ್ತದೆ. ಬಿಸಿನೀರಿನ ಕಡೆ ತಿರುಗಿಸಿ ಧಾರೆ ಒಂದೇ ಸಮ ಬರುವವರೆಗೆ ಗೀಸರ್ ಹಾಕಲೇಬೇಡಿ. ಟ್ಯಾಂಕ್ ತುಂಬದೆ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಎಡಕ್ಕೆ ಬಿಸಿ, ಬಲಕ್ಕೆ ತಣ್ಣೀರು ಬರುತ್ತಿದೆಯಾ ನೋಡಿ. ಅದಲು ಬದಲಾಗಿದ್ದರೆ ಕಾರ್ಟ್ರಿಜ್ ಹಿಂದುಮುಂದಾಗಿದೆ, ಬಿಚ್ಚಿ ತಿರುಗಿಸಿ ಹಾಕಿ. ವಯಸ್ಸಾದವರು ಅಭ್ಯಾಸದಿಂದ ಬಲಕ್ಕೆ ತಿರುಗಿಸಿ ಕೈ ಸುಟ್ಟುಕೊಳ್ಳುವುದು ಬೇಡ. ಆ ರಾತ್ರಿ ಮತ್ತೆ ಟಿಶ್ಯೂ ಸುತ್ತಿಟ್ಟು ಮಲಗಿ.

ಮುಂದಿನ ಸಲ ಸೊಸೈಟಿ ಟ್ಯಾಂಕ್ ತೊಳೆದಾಗ ಅಥವಾ ನೀರು ಕಡಿತವಾಗಿ ಬಂದಾಗ ಸಿಂಗಲ್ ಲಿವರ್ ಮೊದಲು ತೆರೆಯಬೇಡಿ. ಬಚ್ಚಲಿನಲ್ಲಿ ಬಕೆಟ್ ತುಂಬುವ ಸಾದಾ ನಲ್ಲಿ ಬಿಟ್ಟು ಕೆಂಪು ನೀರು ಹೋಗಲಿ. ನಿಮ್ಮ ಅಡುಗೆಮನೆ ಲೈನ್ ಬೇರೆಯಾಗಿದ್ದರೆ ಸಿಂಕಿನ ತಣ್ಣೀರಿನ ಕಾಕನ್ನು ಮುಕ್ಕಾಲು ಮುಚ್ಚಿ, ಜಾಲರಿ ಬಿಚ್ಚಿ, ಮೆಲ್ಲಗೆ ನೀರು ಬಿಡಿ. ಎರಡು ತಿಂಗಳಿಗೊಮ್ಮೆ ಆಂಗಲ್ ಕಾಕ್‌ಗಳನ್ನು ಮುಚ್ಚಿ ತೆರೆಯುತ್ತಿದ್ದರೆ ಅವು ಹಿಡಿದುಕೊಳ್ಳುವುದಿಲ್ಲ.

ಹೊಸ ಕಾರ್ಟ್ರಿಜ್ ಹಾಕಿ, ನಟ್ ಸರಿಯಾಗಿ ಬಿಗಿಮಾಡಿದ ಮೇಲೂ ಸೋರುತ್ತಿದ್ದರೆ ಪೀಠವೇ ತಿಂದುಹೋಗಿದೆ ಅಂತ ತಿಳಿಯಿರಿ. ಹಿತ್ತಾಳೆಯಲ್ಲಿ ಬಿರುಕು ಕಂಡರೂ, ನಟ್‌ನ ಮರೆ ಪುಡಿಯಾಗಿದ್ದರೂ, ಆ ಮಾಡೆಲ್‌ನ ಕಾರ್ಟ್ರಿಜ್ ಎಲ್ಲೂ ಸಿಗದಿದ್ದರೂ ಪ್ಲಂಬರ್ ಹೇಳಿದ್ದೇ ಸರಿ, ಹೊಸ ನಲ್ಲಿ ಹಾಕಿಸಿ. ಆಗ ಕೊಳ್ಳುವಾಗ ಅಂಗಡಿಯವರನ್ನು ಕಾರ್ಟ್ರಿಜ್ ಎಷ್ಟು ಮಿಲಿಮೀಟರ್, ಬಿಡಿಯಾಗಿ ಸಿಗುತ್ತದಾ ಅಂತ ಕೇಳಿ, ಬಿಲ್ ಹಿಂದೆ ಬರೆಸಿಕೊಳ್ಳಿ. ಹೊಸ ನಲ್ಲಿಯ ಜೊತೆ ಕನೆಕ್ಷನ್ ಪೈಪ್‌ಗಳನ್ನೂ ಹೊಸದೇ ಹಾಕಿಸಿ, 6 ವರ್ಷದ ಹಳೆಯ ಪೈಪ್ ಮತ್ತೆ ಸಿಕ್ಕಿಸಲು ಬಿಡಬೇಡಿ. ಆ ಬಿಸಿನೀರಿನ ಆಂಗಲ್ ಕಾಕನ್ನೂ ಅದೇ ದಿನ ಬದಲಿಸಿಕೊಳ್ಳಿ.